ಅಜ್ಜಿಯ ಸೋಡಿಯಂ, ಮೊಮ್ಮಗಳ ಪ್ರಶ್ನೆ

ಹೋದ ಬೇಸಿಗೆಯಲ್ಲಿ ಅವ್ವನಿಗೆ ಎರಡು ದಿನ ಒಂದೇ ಸಮ ಭೇದಿ. ಊಟ ಸೇರಲಿಲ್ಲ, ಬರೀ ನೀರು ಕುಡಿದಳು. ಮೂರನೇ ದಿನ ಬೆಂಗಳೂರಿನಲ್ಲಿದ್ದ ನನಗೆ ಅಣ್ಣನ ಫೋನ್ ಬಂತು. ‘ಅವ್ವ ಏನೇನೋ ಮಾತಾಡಾಕತ್ತಾಳ, ಲಗೂನ ಬಾ’ ಅಂದ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದೆ. ದೇಶಪಾಂಡೆ ನಗರದ ಮನೆಯಲ್ಲಿ ಬ್ಯಾಗ್ ಒಗೆದು ಆಸ್ಪತ್ರೆಗೆ ಓಡಿದೆ. ಅವ್ವ ನನ್ನನ್ನು ಗುರುತು ಹಿಡಿಯಲಿಲ್ಲ. ಸತ್ತು ಎಷ್ಟೋ ವರ್ಷವಾದ ಸೋದರಮಾವನ ಹೆಸರು ಹಿಡಿದು ಕರೆದಳು.

ಡಾಕ್ಟರು ಹೇಳಿದ್ದು ಇಷ್ಟೇ: ‘ಸೋಡಿಯಂ 122ಕ್ಕೆ ಇಳಿದಿದೆ. 135ರಿಂದ 145ರ ಒಳಗೆ ಇರಬೇಕು. ಭೇದಿಯಲ್ಲಿ ಸೋಡಿಯಂ ಹೋಯಿತು, ಮೇಲೆ ಬರೀ ನೀರು ಕುಡಿದರು. ಬಿಪಿ ಗುಳಿಗೆಯೂ ಕಾರಣ ಇರಬಹುದು, ಬದಲಿಸೋಣ. ಒಮ್ಮೆಲೇ ಏರಿಸೋ ಹಾಗಿಲ್ಲ, ನಿಧಾನಕ್ಕೆ ಏರಿಸಬೇಕು.’

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅಣ್ಣನ ಮಗಳು ಪಕ್ಕಕ್ಕೆ ಬಂದು ಕೂತಳು. ಕನ್ನಡ ಮಾಧ್ಯಮ, ಒಂಬತ್ತನೇ ಕ್ಲಾಸು ಮುಗಿದಿತ್ತು. ಹತ್ತನೆಯದರ ರಜಾ ಟ್ಯೂಷನ್ ಶುರುವಾಗಿತ್ತು.

‘ಕಾಕಾ, ಒಂದು ಕೇಳ್ಲಿ? ಬೈಬ್ಯಾಡ ಮತ್ತ.’

‘ಕೇಳವ್ವ.’

‘ಸೋಡಿಯಂ ನೀರಾಗ ಹಾಕಿದ್ರ ಬೆಂಕಿ ಹತ್ತತೈತಿ ಅಂತ ಪುಸ್ತಕದಾಗ ಐತಿ. ಅದಕ್ಕ ಸೀಮಿಎಣ್ಣಿಯೊಳಗ ಮುಳುಗಿಸಿ ಇಡ್ತಾರಂತ. ಮತ್ತ ಅಜ್ಜಿ ರಕ್ತದಾಗ ಸೋಡಿಯಂ ಹೆಂಗ ಇರ್ತೈತಿ?’

ನಾನು ಎಂಜಿನಿಯರಿಂಗ್ ಓದಿದವನು. ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ತೊಂಬತ್ತರ ಮೇಲೆ ಅಂಕ. ಆದರೂ ಬಾಯಿಗೆ ಬಂದದ್ದು ಒಂದೇ ಮಾತು: ‘ಅದು ಬ್ಯಾರೆ ಸೋಡಿಯಂ.’

‘ಬ್ಯಾರೆ ಅಂದ್ರ?’

ಅಲ್ಲಿಗೆ ನನ್ನ ಕೆಮಿಸ್ಟ್ರಿ ಮುಗೀತು. ಇದನ್ನೇ ಟ್ಯೂಷನ್ನಿನಲ್ಲಿ ಕೇಳಿದ್ದಕ್ಕೆ ‘ಇದು ಪರೀಕ್ಷೆಗೆ ಬರೋದಿಲ್ಲ, ಮೊದಲು ವೇಲೆನ್ಸಿ ಬಾಯಿಪಾಠ ಮಾಡು’ ಅಂದಿದ್ದರಂತೆ. ‘ನಂಗ ಕೆಮಿಸ್ಟ್ರಿ ತಲಿಗೆ ಹೋಗೂದಿಲ್ಲ ಕಾಕಾ, ಎಸ್ಸೆಸ್ಸೆಲ್ಸಿ ಆದ ಮ್ಯಾಲ ಕಾಮರ್ಸ್ ತಗೋತೇನಿ’ ಅಂದಳು. ಕಾಮರ್ಸ್ ತಗೊಳ್ಳಲಿ, ತಪ್ಪೇನಿಲ್ಲ. ಆದರೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ ಹುಡುಗಿ ತನಗೆ ತಲೆ ಇಲ್ಲ ಅಂದುಕೊಂಡು ವಿಜ್ಞಾನ ಬಿಡೋದು ನನಗೆ ಸರಿ ಅನ್ನಿಸಲಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ, ಆ ಬೆಂಚಿನ ಮೇಲೆ ನಾವಿಬ್ಬರೂ ಕೂಡಿ ಮತ್ತೆ ಮೊದಲಿನಿಂದ ಕಲಿತೆವು.

ಪ್ರೊಫೆಸರರಿಗೂ ಇದೇ ಅನುಮಾನ

ಓದುತ್ತಾ ಹೋದಾಗ ಮೊದಲು ಸಿಕ್ಕಿದ್ದೇ ಸಮಾಧಾನದ ಸುದ್ದಿ. ಇವಳ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಯುರೋಪಿನ ದೊಡ್ಡ ದೊಡ್ಡ ಪ್ರೊಫೆಸರರು ಕೇಳಿದ್ದರು.

1884ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸ್ವಾಂತೆ ಅರೇನಿಯಸ್ ಅನ್ನೋ 25ರ ಹುಡುಗ ತನ್ನ ಪ್ರಬಂಧ ಒಪ್ಪಿಸಿದ. ನೀರಿನಲ್ಲಿ ಕರಗಿದ ಉಪ್ಪಿನಂಥ ವಸ್ತುಗಳು ವಿದ್ಯುತ್ತನ್ನು ಹೇಗೆ ಸಾಗಿಸುತ್ತವೆ ಅನ್ನೋದು ಅದರ ವಿಷಯ. ಪರೀಕ್ಷಕರು ತೀರಾ ಕೆಳಗಿನ ದರ್ಜೆ ಕೊಟ್ಟರು. ಮುಂದೆ ಅವನು, ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶ ಇರುವ ಬಿಡಿ ಕಣಗಳಾಗಿ ಒಡೆಯುತ್ತದೆ, ಬ್ಯಾಟರಿ ಜೋಡಿಸದಿದ್ದರೂ ಅವು ಹಾಗೇ ಬಿಡಿಯಾಗಿರುತ್ತವೆ ಅಂತ ವಾದಿಸಿದ. ಹಲವು ರಸಾಯನ ಶಾಸ್ತ್ರಜ್ಞರು ನಂಬಲಿಲ್ಲ. ಅವರ ತಕರಾರು ನಮ್ಮ ಹುಡುಗಿಯದ್ದೇ: ನೀರಿನಲ್ಲಿ ಸೋಡಿಯಂ ಬಿಡಿಯಾಗಿ ಇದ್ದರೆ ನೀರು ಸುಮ್ಮನಿರುತ್ತದೆಯೇ? ಕ್ಲೋರಿನ್ ಬಿಡಿಯಾಗಿ ಇದ್ದರೆ ವಾಸನೆ ಬರಬೇಡವೇ?

ಎಲೆಕ್ಟ್ರಾನ್ ಅನ್ನೋದು ಆಗ ಇನ್ನೂ ಪತ್ತೆಯಾಗಿರಲಿಲ್ಲ. ಜೆ.ಜೆ. ಥಾಮ್ಸನ್ ಅದನ್ನು ತೋರಿಸಿದ್ದು 1897ರಲ್ಲಿ. ಹಾಗಾಗಿ ‘ಬೇರೆ ಸೋಡಿಯಂ’ ಅಂದರೆ ಏನು ಬೇರೆ ಅಂತ ಆಗ ಯಾರಿಗೂ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಅರೇನಿಯಸ್‌ಗೆ 1903ರಲ್ಲಿ ಇದೇ ಸಿದ್ಧಾಂತಕ್ಕೆ ನೊಬೆಲ್ ಬಂತು.

ಇದನ್ನು ಹೇಳಿದಾಗ ಹುಡುಗಿಯ ಮುಖ ನೋಡಬೇಕಿತ್ತು. ‘ಅಂದ್ರ ನಾ ದಡ್ಡಿ ಅಲ್ಲ!’

ಹಾಗಾದರೆ ಏನು ಬೇರೆ?

ಸೋಡಿಯಂ ಪರಮಾಣುವಿನ ಬೀಜದಲ್ಲಿ 11 ಪ್ರೋಟಾನ್, ಸುತ್ತ 11 ಎಲೆಕ್ಟ್ರಾನ್. ಹೊರ ಕವಚದಲ್ಲಿ ಒಂದೇ ಒಂದು. ಅದು ರಶ್ ಇರುವ ಸಿಟಿ ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡುವ ಪ್ರಯಾಣಿಕನಂತೆ. ಒಳಗಿನ ಹತ್ತು ಜನಕ್ಕೆ ಸೀಟು ಗಟ್ಟಿ, ಇವನದು ಸಡಿಲ. ನೀರು ಸಿಕ್ಕರೆ ಸೋಡಿಯಂ ಲೋಹ ಈ ಎಲೆಕ್ಟ್ರಾನನ್ನು ನೀರಿಗೆ ತಳ್ಳಿಬಿಡುತ್ತದೆ. ಹೈಡ್ರೋಜನ್ ಅನಿಲ ಹೊರಡುತ್ತದೆ, ಶಾಖ ಏಳುತ್ತದೆ, ಬೆಂಕಿ ಹತ್ತುತ್ತದೆ. ಅಷ್ಟೂ ಗದ್ದಲ ಆ ಒಂದು ಎಲೆಕ್ಟ್ರಾನಿನದು.

ಅದು ಹೋದ ಮೇಲೆ ಉಳಿದದ್ದು 11 ಪ್ರೋಟಾನ್, 10 ಎಲೆಕ್ಟ್ರಾನ್. ಒಂದು ಧನ ಆವೇಶ ಹೆಚ್ಚಾಯಿತು. ಇದೇ ಸೋಡಿಯಂ ಅಯಾನು. ತಳ್ಳಲು ಇನ್ನು ಸಡಿಲ ಎಲೆಕ್ಟ್ರಾನ್ ಇಲ್ಲ, ಹಾಗಾಗಿ ನೀರಿನ ಜೊತೆ ಜಗಳವೂ ಇಲ್ಲ. ಬೀಜದಲ್ಲಿ ಪ್ರೋಟಾನ್ ಹಾಗೇ ಇರುವುದರಿಂದ ಹೆಸರು ಮಾತ್ರ ಸೋಡಿಯಂ ಅಂತಲೇ ಉಳಿಯಿತು.

ಕ್ಲೋರಿನ್ ಕಥೆ ಇದಕ್ಕೆ ಉಲ್ಟಾ. 17 ಎಲೆಕ್ಟ್ರಾನ್ ಇದ್ದದ್ದು ಇನ್ನೊಂದನ್ನು ಪಡೆದು 18 ಆಯಿತು, ಋಣ ಆವೇಶದ ಕ್ಲೋರೈಡ್ ಆಯಿತು. 1915ರಲ್ಲಿ ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಕ್ಲೋರಿನ್. ಅವ್ವನ ಕೈಗೆ ಹತ್ತಿಸಿದ್ದ ಸಲೈನ್ ಬಾಟಲಿಯಲ್ಲಿದ್ದದ್ದು ಕ್ಲೋರೈಡ್. ಸಾಧಾರಣ ಸಲೈನ್ ಅಂದರೆ ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ.

‘ಅಯಾನು’ ಅನ್ನೋ ಹೆಸರಿಗೂ ಒಂದು ಕಥೆ ಇದೆ. 1834ರಲ್ಲಿ ಮೈಕೇಲ್ ಫ್ಯಾರಡೆ ಬಳಕೆಗೆ ತಂದ ಪದ ಇದು. ಗ್ರೀಕಿನಲ್ಲಿ ‘ಹೋಗುವಂಥದ್ದು’ ಅಂತ ಅರ್ಥ, ಯಾಕಂದರೆ ಈ ಕಣಗಳು ಬ್ಯಾಟರಿಯ ಕಡ್ಡಿಗಳ ಕಡೆಗೆ ಹೋಗುತ್ತವೆ. ನಮ್ಮ ಉತ್ತರಾಯಣ, ದಕ್ಷಿಣಾಯನದಲ್ಲಿರುವ ‘ಅಯನ’ಕ್ಕೂ ಹೋಗುವುದು ಅಂತಲೇ ಅರ್ಥ. ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಮಾತುಗಳು. ‘ಸಂಕ್ರಾಂತಿ ಅಂತ ನೆನಪಿಟ್ಕೋತೇನಿ’ ಅಂದಳು ಹುಡುಗಿ.

ಕೈಗಾದ ಅಣು, ಪಾಠದ ಅಣು

ಎಲ್ಲರೂ ಎಲೆಕ್ಟ್ರಾನನ್ನು ಪೂರ್ತಿ ಕೊಟ್ಟುಬಿಡುವುದಿಲ್ಲ. ಕೆಲವರು ಹಂಚಿಕೊಳ್ಳುತ್ತಾರೆ. ಆಮ್ಲಜನಕ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಎರಡು ಹೈಡ್ರೋಜನ್ ಜೊತೆ ಹಂಚಿಕೊಂಡರೆ ನೀರಿನ ಅಣು. ಇಲ್ಲಿ ಯಾರೂ ಅಯಾನು ಆಗಿಲ್ಲ, ಎಲ್ಲರೂ ಒಂದೇ ಗುಂಪಾಗಿ ಓಡಾಡುತ್ತಾರೆ. ಸಕ್ಕರೆ, ಗ್ಲೂಕೋಸ್, ಅಡುಗೆ ಗ್ಯಾಸ್ ಎಲ್ಲಾ ಹೀಗೇ.

ಇಲ್ಲಿ ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕು. ಪಠ್ಯದಲ್ಲಿ ‘ಪರಮಾಣುಗಳು ಮತ್ತು ಅಣುಗಳು’ ಅಂತಲೇ ಒಂದು ಪಾಠ ಇದೆ. ಅದರಲ್ಲಿ ಪರಮಾಣು ಅಂದರೆ ಒಂಟಿ, ಅಣು ಅಂದರೆ ಗುಂಪು. ಆದರೆ ಪೇಪರಿನಲ್ಲಿ ಓದೋದು ‘ಅಣು ಬಾಂಬ್’, ‘ಕೈಗಾ ಅಣು ವಿದ್ಯುತ್ ಸ್ಥಾವರ’. ಅಲ್ಲಿ ಅಣು ಅಂದರೆ ಪರಮಾಣು, ಅದರಲ್ಲೂ ಪರಮಾಣುವಿನ ಬೀಜ! ನಮ್ಮಿಂದ ಘಟ್ಟ ಇಳಿಯೋ ದಾರಿಯಲ್ಲೇ ಕೈಗಾ ಇದೆ, ಮಗುವಿನ ಕಿವಿಗೆ ಈ ಹೆಸರು ಬೀಳದೇ ಇರದು. ಬೋರ್ಡಿನ ಮೇಲೆ ಎರಡೂ ಬರೆದು ‘ಸುದ್ದಿಯ ಅಣು ಬೇರೆ, ಪಾಠದ ಅಣು ಬೇರೆ’ ಅಂತ ಒಂದು ಮಾತು ಹೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮುಂದೆ ಪಿಯುಸಿಯಲ್ಲಿ ಇಂಗ್ಲಿಷ್ ಬಂದಾಗ ಮತ್ತೊಂದು ಪೆಟ್ಟು. ಸಂಯುಕ್ತಕ್ಕೆ ಅಲ್ಲಿ ‘ಕಾಂಪೌಂಡ್’. ‘ಕಾಂಪೌಂಡ್ ಅಂದ್ರ ಮನಿ ಸುತ್ತಲಿನ ಗ್ವಾಡಿ ಅಲ್ಲೇನು ಕಾಕಾ?’ ಅಂತ ನಗಾಡಿದಳು. ‘ಬಾಂಡ್’ ಅಂದರೆ ಬಾಂಡ್ ಪೇಪರ್. ನಗು ಬಂದರೂ, ಕನ್ನಡ ಮಾಧ್ಯಮದಿಂದ ಹೋದ ಎಷ್ಟೋ ಮಕ್ಕಳು ಮೊದಲ ವರ್ಷ ಎಡವೋದು ವಿಷಯದಲ್ಲಿ ಅಲ್ಲ, ಇಂಥ ಹೆಸರುಗಳಲ್ಲಿ. ಈಗಿನಿಂದಲೇ ಎರಡೂ ಹೆಸರು ಜೋಡಿಯಾಗಿ ಬರೆದುಕೊಳ್ಳೋದು ಒಳ್ಳೆಯದು.

ಅಣು, ಸಂಯುಕ್ತ ಎರಡೂ ಒಂದೇ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಬೆಂಚಿನ ಮೇಲೆ ಕೂತು ನಾವು ಬರೆದ ಚೀಟಿ ಇದು:

ಆಮ್ಲಜನಕ ಅನಿಲ: ಎರಡು ಪರಮಾಣು ಕೂಡಿವೆ, ಅಣು ಹೌದು. ಎರಡೂ ಒಂದೇ ಧಾತು, ಹಾಗಾಗಿ ಸಂಯುಕ್ತ ಅಲ್ಲ.

ಅಡುಗೆ ಉಪ್ಪು: ಎರಡು ಬೇರೆ ಧಾತು ಕೂಡಿವೆ, ಸಂಯುಕ್ತ ಹೌದು. ಅಯಾನುಗಳ ಜೋಡಣೆ, ಹಾಗಾಗಿ ಅಣು ಅಲ್ಲ.

ನೀರು: ಅಣುವೂ ಹೌದು, ಸಂಯುಕ್ತವೂ ಹೌದು.

ಎರಡನೇ ಸಾಲು ದೊಡ್ಡವರಿಗೂ ಒಪ್ಪಲು ಕಷ್ಟವಾಗಿತ್ತು. 1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್-ರೇ ಹಾಯಿಸಿ ಉಪ್ಪಿನ ಹರಳಿನ ಒಳಗನ್ನು ಬಿಡಿಸಿದರು. ಅಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿಯಾಗಿ ಕೂತಿರಲೇ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ, ಮೂರೂ ದಿಕ್ಕಿಗೆ ಚದುರಂಗದ ಹಾಸಿನಂತೆ. ಹೆನ್ರಿ ಆರ್ಮ್‌ಸ್ಟ್ರಾಂಗ್ ಅನ್ನೋ ಹಿರಿಯ ರಸಾಯನ ಶಾಸ್ತ್ರಜ್ಞರಿಗೆ ಸಿಟ್ಟು ಬಂದು 1927ರಲ್ಲಿ ‘ನೇಚರ್’ ಪತ್ರಿಕೆಗೆ ಇದನ್ನು ಗೇಲಿ ಮಾಡಿ ಕಾಗದ ಬರೆದರು. ಹರಳು ಮಾತ್ರ ಬ್ರಾಗ್ ಹೇಳಿದ ಹಾಗೇ ಇತ್ತು.

ಒಂದು ಪ್ಯಾಕೆಟ್, ಪೂರ್ತಿ ಪಾಠ

ಐದನೇ ದಿನ ಅವ್ವನಿಗೆ ನೆಟ್ಟಗೆ ನೆನಪು ಬಂತು. ಮನೆಗೆ ಕಳಿಸುವಾಗ ಡಾಕ್ಟರು, ಮತ್ತೆ ಭೇದಿ ಶುರುವಾದರೆ ಬರೀ ನೀರು ಬೇಡ, ಓಆರ್‌ಎಸ್ ಕೊಡಿ ಅಂತ ಚೀಟಿಯಲ್ಲಿ ಬರೆದರು. ಮೆಡಿಕಲ್ ಶಾಪಿನಿಂದ ತಂದ ಪ್ಯಾಕೆಟ್ಟಿನ ಹಿಂಭಾಗ ಹುಡುಗಿಯ ಕೈಗೆ ಕೊಟ್ಟು ‘ಓದು’ ಅಂದೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಕರಗಿಸುವ ಪುಡಿಯಲ್ಲಿ 2.6 ಗ್ರಾಂ ಸೋಡಿಯಂ ಕ್ಲೋರೈಡ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ನಾಲ್ಕೂ ಸಂಯುಕ್ತಗಳೇ. ನೀರಿಗೆ ಬಿದ್ದ ಕೂಡಲೇ ಮೊದಲ ಮೂರು ಅಯಾನುಗಳಾಗಿ ಚದುರುತ್ತವೆ. ಗ್ಲೂಕೋಸ್ ಮಾತ್ರ ಅಣುವಾಗಿಯೇ ಉಳಿಯುತ್ತದೆ.

ಲೆಕ್ಕ ಹೀಗಾಗುತ್ತದೆ. ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10, ಗ್ಲೂಕೋಸ್ 75. ಇದು ತೂಕ ಅಲ್ಲ, ಕಣಗಳ ಎಣಿಕೆ, ಡಜನ್ ಇದ್ದ ಹಾಗೆ. ಮಿಲಿಮೋಲ್ ಅನ್ನುತ್ತಾರೆ.

‘ಈಗ ಧನ ಎಷ್ಟು, ಋಣ ಎಷ್ಟು ಕೂಡಿಸು’ ಅಂದೆ.

‘ಧನ 75 ಕೂಡ್ಸು 20, 95. ಋಣ 65 ಕೂಡ್ಸು 10, 75. ಇಲ್ಲ ಕಾಕಾ, ಜಮಾಸಲಿಲ್ಲ.’

‘ಒಂದು ಸಿಟ್ರೇಟಿಗೆ ಮೂರು ಋಣ ಆವೇಶ.’

ಎರಡು ಸೆಕೆಂಡ್ ಸುಮ್ಮನಿದ್ದಳು. ‘65 ಕೂಡ್ಸು 30… 95! ಸರಿ ಬಂತು!’

ವೇಲೆನ್ಸಿ ಅಂದರೆ ಇಷ್ಟೇ. ಯಾರು ಎಷ್ಟು ಕೊಟ್ಟರು, ಎಷ್ಟು ಪಡೆದರು ಅನ್ನೋ ಖಾತೆ. ಕೊನೆಗೆ ಎರಡೂ ಬದಿ ತಾಳೆ ಆಗಲೇಬೇಕು. ಬಾಯಿಪಾಠ ಮಾಡಿ ಮರೆತಿದ್ದ ಕೋಷ್ಟಕ ಅವಳಿಗೆ ಆವತ್ತು ಬ್ಯಾಂಕ್ ಪಾಸ್‌ಬುಕ್ಕಿನಂತೆ ಕಂಡಿತು.

ಆಮೇಲೆ ಅಡುಗೆಮನೆಯಲ್ಲಿ ಇನ್ನೊಂದು ಪ್ರಯೋಗ. ನಿಮ್ಮ ಮನೆಗೆ ಆರ್‌ಓ ರಿಪೇರಿಗೆ ಬರುವ ಹುಡುಗ ನೀರಿಗೆ ಅದ್ದುವ ಟಿಡಿಎಸ್ ಪೆನ್ ಇದೆಯಲ್ಲ, ಅದು ನಿಜವಾಗಿ ಅಳೆಯೋದು ನೀರು ಎಷ್ಟು ವಿದ್ಯುತ್ ಹಾಯಿಸುತ್ತದೆ ಅನ್ನೋದನ್ನು. ಹಾಯಿಸುವವರು ಅಯಾನುಗಳು. ಒಂದು ಲೋಟ ಫಿಲ್ಟರ್ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕಲಸಿ ಪೆನ್ ಅದ್ದಿ, ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇನ್ನೊಂದು ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ, ಅಂಕಿ ಸರ್ರನೆ ಏರುತ್ತದೆ. ಲೀಟರಿಗೆ ಒಂದು ಗ್ರಾಂ ಉಪ್ಪು ಅಂದರೆ 1000ದ ಆಸುಪಾಸು. ಸಕ್ಕರೆ ಅಣು, ಉಪ್ಪು ಅಯಾನು. ಕಣ್ಣಿಗೆ ಎರಡೂ ಕರಗಿದ್ದೇ, ಪೆನ್ನಿಗೆ ಮಾತ್ರ ಬೇರೆ.

ಹೆಸರಿನ ಮೋಸ

ಇಷ್ಟು ಆದ ಮೇಲೆ ಒಂದು ವಿಷಯ ನನಗೂ ಹೊಳೆಯಿತು. ದಿನನಿತ್ಯದ ಮಾತಿನಲ್ಲಿ ನಾವೆಲ್ಲ ಅಯಾನನ್ನು ಧಾತುವಿನ ಹೆಸರಿನಿಂದಲೇ ಕರೆಯುತ್ತೇವೆ. ಸೋಡಿಯಂ ಕಡಿಮೆ, ಕ್ಯಾಲ್ಸಿಯಂ ಗುಳಿಗೆ, ಜಿಂಕ್ ಸಿರಪ್. ಮಗು ಗೊಂದಲಕ್ಕೆ ಬೀಳೋದು ಇಲ್ಲೇ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆ ನೋಡಿ. ಅದರಲ್ಲಿ ಕಬ್ಬಿಣದ ಚೂರು ಇಲ್ಲ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಅಯಾನು ಇದೆ. ಗೋಡೆಯ ಮೊಳೆಯಲ್ಲಿ ಲೋಹ, ಮೊಳೆಯ ತುಕ್ಕಿನಲ್ಲಿ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು. ಹೆಸರು ಒಂದೇ, ಗುಣ ಮೂರು ಬಗೆ.

ಇದು ಬರೀ ಪರೀಕ್ಷೆಯ ಮಾತಲ್ಲ. ನಮ್ಮ ಪಕ್ಕದ ಗದಗ, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗುತ್ತವೆ, ಇನ್ನೂ ಹೆಚ್ಚಿದ್ದರೆ ಮೂಳೆ ಬಾಗುತ್ತವೆ. ‘ಕಾಯಿಸಿ ಕುಡಿದರೆ ಸರಿಹೋಗುತ್ತೆ’ ಅನ್ನೋರು ಬಹಳ. ಕಾಯಿಸಿದರೆ ರೋಗಾಣು ಸಾಯುತ್ತವೆ. ಅಯಾನು ಸಾಯಲು ಜೀವ ಇಲ್ಲ, ಆವಿಯಾಗಿ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ದಟ್ಟವಾಗುತ್ತದೆ. ಅಯಾನು ಅಂದರೇನು ಅಂತ ಗೊತ್ತಿರುವ ಒಬ್ಬ ಹುಡುಗಿ ಒಂದು ಮನೆಯ ಈ ತಪ್ಪು ತಿದ್ದಬಲ್ಲಳು.

ಮನೆಯಲ್ಲಿ ಕಲಿಸೋರಿಗೆ

ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಅನ್ನೋ ಪ್ರಾಧ್ಯಾಪಕರು ಕೆಮಿಸ್ಟ್ರಿ ಯಾಕೆ ಕಷ್ಟ ಅನ್ನೋದನ್ನೇ ಅಧ್ಯಯನ ಮಾಡಿದವರು. ಕಣ್ಣಿಗೆ ಕಾಣುವ ವಸ್ತು, ಕಾಣದ ಕಣ, ಕಾಗದದ ಮೇಲಿನ ಸಂಕೇತ, ಈ ಮೂರನ್ನೂ ಒಮ್ಮೆಲೇ ತಲೆಗೆ ತುಂಬಿದರೆ ಮಗುವಿಗೆ ಹಿಡಿಸುವುದಿಲ್ಲ ಅನ್ನೋದು ಅವರ ಮಾತಿನ ಸಾರ. ನಾವು ಸಾಮಾನ್ಯವಾಗಿ ಸಂಕೇತದಿಂದ ಶುರು ಮಾಡುತ್ತೇವೆ. ಮೊದಲು ಉಪ್ಪು ಕೈಗೆ ಕೊಡಿ, ಆಮೇಲೆ ಕಣದ ಚಿತ್ರ, ಕೊನೆಗೆ ಸೂತ್ರ.

ಸೂತ್ರಕ್ಕೆ ನಾವು ಮಾಡಿದ್ದು ಪೇಡೆ ಡಬ್ಬಿಯ ರಟ್ಟಿನ ಆಟ. ಸೋಡಿಯಂ ಚೀಟಿಗೆ ಒಂದು ಹಲ್ಲು, ಕ್ಯಾಲ್ಸಿಯಂಗೆ ಎರಡು, ಅಲ್ಯೂಮಿನಿಯಂಗೆ ಮೂರು. ಕ್ಲೋರೈಡ್ ಚೀಟಿಯಲ್ಲಿ ಒಂದು ಕಚ್ಚು, ಆಕ್ಸೈಡ್‌ನಲ್ಲಿ ಎರಡು. ಹಲ್ಲು, ಕಚ್ಚು ಒಂದೂ ಖಾಲಿ ಉಳಿಯಬಾರದು. ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬೇಕೇ ಬೇಕು ಅಂತ ಕೈಯೇ ಹೇಳುತ್ತದೆ. ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸೈಡ್ ಅಂತ ಅವಳೇ ಕಂಡುಕೊಂಡಳು.

ಒಂದು ಎಚ್ಚರ. ‘ಸೋಡಿಯಂಗೆ ಎಲೆಕ್ಟ್ರಾನ್ ಕೊಡೋ ಆಸೆ’ ಅಂತ ಹೇಳಿಕೊಡುತ್ತೇವಲ್ಲ, ಅದು ಪೂರ್ತಿ ನಿಜ ಅಲ್ಲ. ನನ್ನ ಫುಟ್‌ಬೋರ್ಡ್ ಕಥೆಗೂ ಈ ಮಿತಿ ಇದೆ. ಬಿಡಿ ಸೋಡಿಯಂ ಪರಮಾಣುವಿನಿಂದ ಆ ಎಲೆಕ್ಟ್ರಾನ್ ಕೀಳಲು ಒಂದು ಮೋಲ್‌ಗೆ 496 ಕಿಲೋಜೌಲ್ ಖರ್ಚು. ಕ್ಲೋರಿನ್ ಅದನ್ನು ಪಡೆದಾಗ ವಾಪಸ್ ಬರೋದು 349. ಇಲ್ಲಿಗೆ 147 ನಷ್ಟ. ಆದರೆ ಧನ, ಋಣ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಕಟ್ಟಿಕೊಂಡಾಗ ಸುಮಾರು 787 ಬಿಡುಗಡೆಯಾಗುತ್ತದೆ. ವ್ಯವಹಾರ ಲಾಭಕ್ಕೆ ಬರೋದು ಕೊಡು-ಕೊಳ್ಳುವಿಕೆಯಿಂದ ಅಲ್ಲ, ಆಮೇಲಿನ ಸೆಳೆತದಿಂದ. ಹತ್ತನೇ ಕ್ಲಾಸಿಗೆ ಈ ಅಂಕಿ ಬೇಡ. ‘ಪರಮಾಣುವಿಗೆ ಆಸೆ ಗೀಸೆ ಇಲ್ಲ, ಧನ-ಋಣದ ಸೆಳೆತ ಇದೆ’ ಅಂತ ಒಂದು ಮಾತು ಸಾಕು.

ಇನ್ನೊಂದು ಎಚ್ಚರ ದೊಡ್ಡವರಿಗೆ. ರಿಪೋರ್ಟಿನಲ್ಲಿ ಸೋಡಿಯಂ ಕಡಿಮೆ ಅಂತ ಬಂದರೆ ನೀವೇ ಉಪ್ಪು ಹೆಚ್ಚು ಹಾಕಲು ಹೋಗಬೇಡಿ. ಎಷ್ಟೋ ಸಲ ಕಾರಣ ಮೈಯಲ್ಲಿ ಹೆಚ್ಚಾದ ನೀರು ಅಥವಾ ಗುಳಿಗೆ. ಅದು ಡಾಕ್ಟರ ಲೆಕ್ಕ.

ಅವ್ವ ಮನೆಗೆ ಬಂದ ದಿನ ಸೋಡಿಯಂ 136 ಇತ್ತು. ವಾರ ಕಳೆದ ಮೇಲೆ ಒಮ್ಮೆ ಹೊಟ್ಟೆ ಕೆಟ್ಟಿತು. ಮೊಮ್ಮಗಳು ತಾನೇ ಒಂದು ಲೀಟರ್ ಅಳೆದು ಓಆರ್‌ಎಸ್ ಕಲಸಿ ಲೋಟಕ್ಕೆ ಹಾಕಿ ತಂದಳು. ಅವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

‘ಏನವಾ ಇದು? ಉಪ್ಪೂ ಅಲ್ಲ, ಸವಿನೂ ಅಲ್ಲ.’

‘ಎರಡೂ ಐತಿ ಅಜ್ಜಿ. ಅಯಾನೂ ಐತಿ, ಅಣುನೂ ಐತಿ. ಸುಮ್ನ ಕುಡಿ.’

ಮುಂದಿನ ವರ್ಷ ಸೈನ್ಸೋ ಕಾಮರ್ಸೋ ಅವಳು ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಮೊನ್ನೆ ರಾತ್ರಿ ಅವಳಿಂದ ವಾಟ್ಸಾಪ್ ಬಂತು: ‘ಕಾಕಾ, ಗೀಸರಿನ್ಯಾಗ ಕಟ್ಟೂ ಬಿಳಿ ಪದರ ಯಾವ ಸಂಯುಕ್ತ? ಎದರ ಅಯಾನು ಅದಾವ ಅದರಾಗ?’ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ‘ನೀನ ಹುಡುಕು’ ಅಂತ ಬರೆದು ಮಲಗಿದೆ.